ಹೊಳೆಯುವ ತಾಮ್ರಕ್ಕೆ ಯಾವ ಲೇಸರ್?

ಕೆಲಸವೇನೋ ಮನೆ ಬಾಗಿಲಿಗೇ ಬಂದಿತ್ತು, ಕೈ ಮಾತ್ರ ಮುಷ್ಕರ ಹೂಡಿತ್ತು. ತುಮಾಂಗ್ ಊರಿನ ತಾಮ್ರಗಾರ, ಎಲ್ಲರೂ ಗೌರವದಿಂದ ಪಾಕ್ ಎಂದು ಕರೆಯುವ ಕಸ್ಮಾನರಿಗೆ ಆ ವರ್ಷ ಸುತ್ತಿಗೆ ಎತ್ತಿದರೆ ಸಾಕು, ಬಲ ಮಣಿಕಟ್ಟಿನಲ್ಲಿ ಜೀವ ಹಿಂಡುವ ನೋವು. ಅದೇ ಹೊತ್ತಿಗೆ ಪೇಟೆಯ ದೊಡ್ಡ ಮಸೀದಿಯವರು ತೂಗುದೀಪ ಬೇಕೆಂದು ಬಂದರು. ದೀಪದ ಸುತ್ತ ಬಳ್ಳಿಯ ಜಾಲಂದ್ರ ಕೊರೆದ ತಾಮ್ರದ ಹಲಗೆಗಳು ಇರಬೇಕು, ಉಪವಾಸದ ತಿಂಗಳು ಶುರುವಾಗುವ ಮೊದಲು ದೀಪ ಮೇಲೇರಬೇಕು. ಶುಕ್ರವಾರದ ನಮಾಜು ಮುಗಿಸಿ ಬರುತ್ತೇವೆ, ಒಂದು ಹಲಗೆ ಮಾದರಿ ತೋರಿಸಿ, ಆಗದಿದ್ದರೆ ಸುರಬಾಯದ ಕಾರ್ಖಾನೆಗೆ ಹೇಳುತ್ತೇವೆ ಎಂದು ಹೇಳಿ ಹೋಗಿದ್ದರು.

ಅಜ್ಜನ ಕಾಲದಿಂದ ಸುತ್ತಿಗೆಯ ಸದ್ದು ನಿಂತಿರದ ಮನೆ ಅದು. ಈ ಕೆಲಸ ಕೈತಪ್ಪಿದರೆ ಆ ಸದ್ದು ನಿಂತಂತೆಯೇ ಎಂದು ಕಸ್ಮಾನರಿಗೆ ಚೆನ್ನಾಗಿ ಗೊತ್ತಿತ್ತು. "ಕೊರೆಯೋದನ್ನ ಲೇಸರಿಗೆ ಕೊಡಿ, ಉಬ್ಬು ಕೆಲಸ ಮಾತ್ರ ನೀವು ಮಾಡಿ," ಎಂದು ಹೆಂಡತಿ ಲಸ್ಮಿ ಗೋಗರೆದ ಮೇಲೆ ಒಲ್ಲದ ಮನಸ್ಸಿನಿಂದ ಹೂಂ ಎಂದರು.

ಹೂಂ ಎಂದವರು ಮಾಡಿದ್ದೇನು? ತಗಡಿಗೆ ಹುಣಸೆಹಣ್ಣು ಹಚ್ಚಿ ತಿಕ್ಕಿದರು, ಬೂದಿ ಹಾಕಿ ತಿಕ್ಕಿದರು, ಮುಖ ಕಾಣುವ ಹಾಗೆ ಬೆಳಗಿದರು. ಮಂಕು ತಾಮ್ರ ಹೊಸ್ತಿಲು ದಾಟಿದರೆ ಮನೆಯ ಮಾನ ಹೋಯಿತೆಂದೇ ತುಮಾಂಗಿನವರ ಲೆಕ್ಕ. ಆಮೇಲೆ ಅದನ್ನು ಬೈಕಿಗೆ ಕಟ್ಟಿಕೊಂಡು ಷಡ್ಡಕ ತ್ರಿಸ್ನೊನ ಅಂಗಡಿಗೆ ಹೋದರು. ತ್ರಿಸ್ನೊ ಲೇಸರಿನಲ್ಲಿ ಪ್ಲೈವುಡ್ಡು, ಅಕ್ರಿಲಿಕ್ ನಾಮಫಲಕ ಕತ್ತರಿಸುವವನು. ಲೇಸರ್ ಎಂದರೆ ಲೇಸರ್, ಅದರಲ್ಲಿ ಜಾತಿ ಬೇರೆ ಉಂಟೇ ಎಂಬುದು ಕಸ್ಮಾನರ ಎಣಿಕೆ.

ಯಂತ್ರ ಗುಂಯ್‌ಗುಟ್ಟಿತು. ಗುರಿ ತೋರಿಸುವ ಕೆಂಪು ಚುಕ್ಕೆ ತಗಡಿನ ತುಂಬ ಓಡಾಡಿತು. ತಾಮ್ರದ ಮೇಲೆ ಒಂದು ಗೆರೆಯೂ ಬೀಳಲಿಲ್ಲ. ತ್ರಿಸ್ನೊ ಬಲ ಹೆಚ್ಚಿಸಿದಾಗ ಒಳಗಿನ ಮಸೂರ ಚಟ್ಟೆಂದು ಬಿರುಕು ಬಿಟ್ಟಿತು. ಷಡ್ಡಕನ ಮುಖ ದಪ್ಪಗಾಯಿತು.

"ನೋಡಿದ್ಯಾ, ತಾಮ್ರಕ್ಕೆ ಸುತ್ತಿಗೇನೇ ಸೈ," ಎಂದು ಕಸ್ಮಾನ್ ಮನೆಗೆ ಬಂದು ಹೆಂಡತಿಯ ಮುಂದೆ ತಗಡು ಎಸೆದರು. "ಬೆಳಕಲ್ಲಿ ಲೋಹ ಕತ್ತರಿಸ್ತಾರಂತೆ. ನಾಳೆ ಗಾಳೀಲಿ ಅನ್ನ ಬೇಯಿಸ್ತಾರೆ."

ಆಗ ಸೋಯಾ ಕಾಳಿನ ಟೆಂಪೆ ಕರಿದು ತಟ್ಟೆಯಲ್ಲಿ ಹಿಡಿದು ಪಕ್ಕದ ಮನೆಯ ಸೊಸೆ ಪುರ್ವಂತಿ ಒಳಗೆ ಬಂದಳು. ಅವಳು ತಾಂತ್ರಿಕ ಶಾಲೆಯಲ್ಲಿ ಲೋಹದ ಕೆಲಸ ಕಲಿಸುವವಳು.

"ಯಾವ ಲೇಸರಲ್ಲಿ ಕತ್ತರಿಸೋಕೆ ಹೋಗಿದ್ರಿ ಪಾಕ್?"

"ಯಾವುದು ಅಂದ್ರೆ? ಉರಿಯೋದು."

"ತ್ರಿಸ್ನೊ ಅಣ್ಣಂದು ಸಿಒಟು, ಅಂದ್ರೆ ಇಂಗಾಲದ ಡೈಆಕ್ಸೈಡ್ ಅನಿಲದ ಲೇಸರು. ಮರಕ್ಕೆ, ಅಕ್ರಿಲಿಕ್‌ಗೆ ಅದು ಎತ್ತಿದ ಕೈ. ಆದರೆ ಅದರ ಬೆಳಕನ್ನ ತಾಮ್ರ ಒಳಗೇ ಬಿಟ್ಕೊಳ್ಳಲ್ಲ, ಕನ್ನಡಿ ಥರ ವಾಪಸ್ ಕಳಿಸತ್ತೆ. ನೀವು ಬೇರೆ ಪಳಪಳ ಅಂತ ಉಜ್ಜಿ ಕೊಟ್ಟಿದೀರಿ."

"ಉಜ್ಜಿದ್ದು ತಪ್ಪಾ? ನಮ್ಮಪ್ಪ ಇದ್ದಿದ್ರೆ ನಿನ್ನ ಕಿವಿ ಹಿಂಡ್ತಿದ್ರು."

"ಉಜ್ಜೋದು ತಪ್ಪಲ್ಲ, ಕತ್ತರಿಸೋಕೆ ಮೊದಲೇ ಉಜ್ಜಿದ್ದು ತಪ್ಪು. ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಿದ ಹಾಗೆ."

ಲಸ್ಮಿ ನಗು ತಡೆದುಕೊಂಡು, "ಹಾಗಾದ್ರೆ ತಾಮ್ರಕ್ಕೆ ಯಾವುದಮ್ಮ ಆಗೋದು?" ಎಂದು ಕೇಳಿದರು.

"ಫೈಬರ್ ಲೇಸರು. ಅದರ ಬೆಳಕಿನ ಗುಣವೇ ಬೇರೆ, ತಾಮ್ರ ಅದನ್ನ ಒಳಗೆ ಬಿಟ್ಕೊಳ್ಳತ್ತೆ. ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ, ಯಾವ ತೆಳು ತಗಡಾದ್ರೂ ಬೆಣ್ಣೆ ಕೊಯ್ದ ಹಾಗೆ ಕೊಯ್ಯತ್ತೆ. ಆದರೆ ಹೊಳಪು ಕಂಡ್ರೆ ಅದಕ್ಕೂ ಅಷ್ಟಕ್ಕಷ್ಟೇ. ಉಜ್ಜದೇ ಇರೋ ತಗಡೇ ಕೊಡಿ. ಆಮೇಲೆ, ಕತ್ತರಿಸೋವಾಗ ಯಾವ ಗಾಳಿ ಊದ್ತಾರೆ ಅಂತಾನೂ ಕೇಳ್ಬೇಕು."

"ನಾನು ಹೇಳ್ಲಿಲ್ವಾ, ಗಾಳಿ ಬಂತು ನೋಡು," ಎಂದರು ಕಸ್ಮಾನ್.

"ಬಂತು ಪಾಕ್, ಆದರೆ ಅನ್ನಕ್ಕಲ್ಲ. ಆಮ್ಲಜನಕ ಊದಿದ್ರೆ ದಪ್ಪ ಕಬ್ಬಿಣ ಸಲೀಸಾಗಿ ತುಂಡಾಗತ್ತೆ, ಅಂಚು ಮಾತ್ರ ಕಪ್ಪಾಗತ್ತೆ. ಬಣ್ಣ ಹೊಡೆಯೋದಿದ್ರೆ ಆ ಕಪ್ಪನ್ನ ಮೊದಲು ಕೆರೆದು ತೆಗೀಬೇಕು. ಸಾರಜನಕ ಊದಿದ್ರೆ ಅಂಚು ಸ್ವಚ್ಛ. ಸ್ಟೇನ್‌ಲೆಸ್ ಸ್ಟೀಲಿಗೆ, ನಿಮ್ಮ ದೀಪದಂಥ ತೆಳು ತಾಮ್ರಕ್ಕೆ ಅದನ್ನೇ ಕೇಳಿ. ಖರ್ಚು ಸ್ವಲ್ಪ ಜಾಸ್ತಿ, ಅರ ಹಿಡಿದು ಉಜ್ಜೋ ಕೆಲಸ ಕಮ್ಮಿ."

ಕಸ್ಮಾನರಿಗೆ ಮಾತು ತಲೆಗೆ ಹೋಯಿತು, ಎದೆಗೆ ಇಳಿಯಲಿಲ್ಲ. "ಈ ಸಲ ತಗಡೇ ಹಾಳಾದ್ರೆ ಶುಕ್ರವಾರ ಅವರ ಮುಂದೆ ಏನು ಇಡ್ಲಿ? ನನ್ನ ಮುಖಾನಾ?"

"ಇಡೀ ತಗಡು ಯಾಕೆ ಕೊಡ್ತೀರಿ? ಉಜ್ಜದ ತಗಡಿನ ಅಂಗೈಯಗಲ ಚೂರು ಕೊಡಿ. ಅದರ ಮೇಲೆ ಒಂದು ಎಲೆ ಕೊರೆಸಿ ನೋಡಿ. ಮನಸ್ಸಿಗೆ ಬಂದ್ರೆ ಮುಂದುವರೀರಿ, ಇಲ್ಲಾಂದ್ರೆ ವಾಪಸ್ ಬನ್ನಿ. ನಾನೂ ಬರ್ತೀನಿ."

ಮರುದಿನ ಇಬ್ಬರೂ ಸೋಲೊ ನಗರದ ಫೈಬರ್ ಲೇಸರ್ ಅಂಗಡಿಗೆ ಹೋದರು. ಮಂಕು ತಗಡನ್ನು ಯಾರಾದರೂ ನೋಡಿಯಾರು ಎಂದು ಕಸ್ಮಾನ್ ಅದನ್ನು ಉಡುವ ಸರೋಂಗ್ ಪಂಚೆಯಲ್ಲಿ ಸುತ್ತಿಕೊಂಡಿದ್ದರು. ಯಂತ್ರದೊಳಗೆ ಇಣುಕಲು ಹೋದವರನ್ನು ಪುರ್ವಂತಿ ತೋಳು ಹಿಡಿದು ಹಿಂದಕ್ಕೆಳೆದಳು. "ಬಾಗಿಲು ಮುಚ್ಚಲಿ ಪಾಕ್. ಆ ಕಿಟಕಿ ಗಾಜಿನಿಂದಲೇ ನೋಡಿ. ಈ ಬೆಳಕು ಕಣ್ಣಿಗೆ ಕಾಣಲ್ಲ, ಕಣ್ಣನ್ನೇ ತಗೊಂಡು ಹೋಗತ್ತೆ."

ಚೂರಿನ ಮೇಲೆ ಸಾರಜನಕ ಊದಿ ಕೊರೆದ ಮೊದಲ ಎಲೆಯೇನೋ ಬಿದ್ದಿತು. ಆದರೆ ಅಡಿಯ ಅಂಚಿನಲ್ಲಿ ಮುಳ್ಳಿನಂಥ ತರಿ ಉಳಿದಿತ್ತು. ಕಸ್ಮಾನ್ "ಹೇಳ್ಲಿಲ್ವಾ" ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಯಂತ್ರದವನು ವೇಗ ತಗ್ಗಿಸಿ ಇನ್ನೊಂದು ಎಲೆ ಕೊರೆದು ಅವರ ಕೈಗಿಟ್ಟ. ಅವರು ಅಂಚಿನ ಮೇಲೆ ಉಗುರು ಆಡಿಸಿದರು. ಎಲ್ಲೂ ತಡೆಯಲಿಲ್ಲ. ಕಪ್ಪಿಲ್ಲ, ತರಿಯಿಲ್ಲ, ಸುಟ್ಟ ಕಲೆಯಿಲ್ಲ. ಎಷ್ಟೋ ದಿನದಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿದು ಅವರಿಗೆ ಅಲ್ಲೇ ಕುಣಿಯುವಷ್ಟು ಸಂತೋಷವಾಯಿತು.

"ಇಡೀ ಹಲಗೆ ಹಾಕಪ್ಪ," ಎಂದರು.

ಮನೆಗೆ ಬಂದು ಮಣಿಕಟ್ಟಿಗೆ ಬಟ್ಟೆ ಬಿಗಿದುಕೊಂಡು ಕೂತರು. ಕೊರೆಯುವ ಕೆಲಸ ತಪ್ಪಿದ್ದರಿಂದ ಕೈಯಲ್ಲಿ ಇದ್ದಬದ್ದ ಬಲವನ್ನೆಲ್ಲ ಉಬ್ಬು ಕೆಲಸಕ್ಕೇ ಸುರಿದರು. ಎಲೆಗಳಿಗೆ ನರ ಬಂತು, ಬಳ್ಳಿಗೆ ಬಾಗು ಬಂತು. ಹುಣಸೆಹಣ್ಣು ಹಚ್ಚಿ ಬೆಳಗಿದ್ದು ಕಟ್ಟಕಡೆಗೆ.

ಶುಕ್ರವಾರ ಬಂದ ಹಿರಿಯರು ಹಲಗೆಯನ್ನು ಬಿಸಿಲಿಗೆ ಹಿಡಿದರು. ಗೋಡೆಯ ಮೇಲೆ ಬಳ್ಳಿಯ ನೆರಳು ಹಬ್ಬಿತು. "ಇದು ಯಂತ್ರದ ಕೆಲಸವೋ, ಕೈ ಕೆಲಸವೋ?" ಎಂದು ಅವರು ಕೇಳಿದರು.

"ಕೊರೆದದ್ದು ಯಂತ್ರ, ಜೀವ ತುಂಬಿದ್ದು ಈ ಕೈ," ಎಂದರು ಕಸ್ಮಾನ್. "ಎರಡನ್ನೂ ಮುಚ್ಚಿಡೋಲ್ಲ."

ಹಿರಿಯರು ನಕ್ಕು, ಉಳಿದ ಹಲಗೆಗಳನ್ನೂ ನೀವೇ ಮಾಡಿ ಎಂದರು. ಉಬ್ಬು ಕೆಲಸಕ್ಕೆ ಬೇಕಾದ ಪ್ಲೈವುಡ್ ಅಚ್ಚುಗಳನ್ನೆಲ್ಲ ಕಸ್ಮಾನ್, ಹೊಸ ಮಸೂರ ಹಾಕಿದ ಮೇಲೆ, ತ್ರಿಸ್ನೊನ ಅಂಗಡಿಯಲ್ಲೇ ಕೊಯ್ಯಿಸಿದರು. ಅವನ ಯಂತ್ರವೇನು ಕೆಟ್ಟದ್ದಾಗಿರಲಿಲ್ಲ, ಕೊಟ್ಟ ಕೆಲಸ ತಪ್ಪಾಗಿತ್ತು, ಅಷ್ಟೇ. ಉಪವಾಸದ ಹಿಂದಿನ ಸಂಜೆ ಮಸೀದಿಯಲ್ಲಿ ದೀಪ ಮೇಲೇರಿ ಬೆಳಗಿದಾಗ ಊರಿಗೆ ಊರೇ ಕತ್ತೆತ್ತಿ ನೋಡಿತು. ಲಸ್ಮಿ ಗಂಡನ ಮುಖವನ್ನೇ ನೋಡುತ್ತಿದ್ದರು.

ತಗಡಿನ ಕೆಲಸ ಮಾಡುವ ಅಣ್ಣಂದಿರೇ, ಅಕ್ಕಂದಿರೇ, ಲೇಸರ್ ಅಂಗಡಿಯ ಮೆಟ್ಟಿಲು ಹತ್ತುವ ಮೊದಲು ನಿಮ್ಮ ಲೋಹ ಯಾವುದು, ಎಷ್ಟು ದಪ್ಪ, ಅಂಚು ಕಣ್ಣಿಗೆ ಬೀಳುವುದೋ ಬಣ್ಣದಡಿ ಹೋಗುವುದೋ ನೋಡಿಕೊಳ್ಳಿ. ಯಾವ ಲೇಸರ್, ಯಾವ ಗಾಳಿ ಎಂದು ಬಾಯಿಬಿಟ್ಟು ಕೇಳಿ, ನಾಚಿಕೆ ಬೇಡ. ಗೊತ್ತಿದ್ದವರೂ ಒಂದು ದಿನ ಕೇಳಿಯೇ ತಿಳಿದದ್ದು. ಮೊದಲು ಚೂರಿನ ಮೇಲೆ ಕೊರೆಸಿ ನೋಡಿ. ಚೂರು ಹಾಳಾದರೆ ಹಾಳಾಗಲಿ ಬಿಡಿ, ಇಡೀ ತಗಡು ಉಳಿಯಿತಲ್ಲ.