ಡ್ಯಾಶ್‌ಬೋರ್ಡಿನ ಮೇಲೊಂದು ಹೂದೋಟ

ನಮ್ಮ ಮಾವನವರ ಸುಪರ್ದಿಗೆ ಬಂದ ಯಾವ ವಸ್ತುವೂ ಈ ಲೋಕದಲ್ಲಿ ಬರಿಮೈಯಲ್ಲಿ ಓಡಾಡಿದ್ದಿಲ್ಲ. ಟಿವಿಯ ರಿಮೋಟಿಗೆ ಪ್ಲಾಸ್ಟಿಕ್ ಚೀಲ, ರೇಡಿಯೋಗೆ ಗುಂಡಿಯಿರುವ ಅಂಗಿ, ಛತ್ರಿಗೆ ಒರೆ, ಆ ಒರೆಯನ್ನು ತೂಗುಹಾಕುವ ಮೊಳೆಗೂ ಒಂದು ಬಟ್ಟೆಯ ಟೋಪಿ. ನಾನು ಈ ಮನೆಗೆ ಸೊಸೆಯಾಗಿ ಬಂದ ಮೊದಲ ವಾರ ಹೊಲಿಗೆ ಮೆಷಿನ್ನಿನ ಹೊದಿಕೆ ಎತ್ತಿದರೆ ಅದರಡಿ ಇನ್ನೊಂದು ಹೊದಿಕೆ ಸಿಕ್ಕಿತು. ‘ಇದೇನು ಮಾವ?’ ಎಂದು ಕೇಳಿದ್ದಕ್ಕೆ, ‘ಮೇಲಿಂದು ಧೂಳಿಗಮ್ಮ, ಒಳಗಿಂದು ಮೇಲಿನದರ ಧೂಳಿಗೆ. ಹೌದೋ ಅಲ್ವೋ?’ ಎಂದರು. ಈ ‘ಹೌದೋ ಅಲ್ವೋ’ ಎಂಬುದು ಅವರ ಪ್ರತಿ ಮಾತಿಗೂ ಅಂಟಿಕೊಂಡ ಬಾಲ. ಪ್ರಶ್ನೆಯಂತೆ ಕೇಳಿಸಿದರೂ ಅದು ಪ್ರಶ್ನೆಯಲ್ಲ, ಉತ್ತರ ಕೊಡಹೋದವರು ಪೆಚ್ಚಾಗುತ್ತಾರೆ.

ಮೂವತ್ತನಾಲ್ಕು ವರ್ಷ ಒಂದು ದೊಡ್ಡ ಕಚೇರಿಯ ಕಾರು ಓಡಿಸಿ ನಿವೃತ್ತರಾದವರು. ಅಷ್ಟು ವರ್ಷಗಳಲ್ಲಿ ಕಾರಿಗೆ ಒಂದು ಗೀರೂ ಬೀಳಲಿಲ್ಲವೆಂಬುದು ಅವರ ಜೀವಮಾನದ ಏಕೈಕ ಅಹಂಕಾರ. ವೃತ್ತಿ ಅವರ ಮೈಯೊಳಗೆ ಎಷ್ಟು ಇಳಿದಿತ್ತೆಂದರೆ, ಊಟದ ಮೇಜಿನಿಂದ ಏಳುವಾಗ ಕುರ್ಚಿಯನ್ನು ಹಿಂದಕ್ಕೆ ತಳ್ಳುವ ಮೊದಲು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿ ನೋಡುತ್ತಿದ್ದರು. ಅಡುಗೆಮನೆಯ ಮೂಲೆ ತಿರುಗುವಾಗ ಗಂಟಲಲ್ಲೇ ಸಣ್ಣದಾಗಿ ಕೆಮ್ಮುತ್ತಿದ್ದರು, ಅದು ಅವರ ಹಾರ್ನು. ಪ್ಯಾಂಟಿನ ಹಿಂಜೇಬಿನಲ್ಲಿ ಸದಾ ಮಡಿಸಿಟ್ಟ ಹಳದಿ ಒರೆಸುಬಟ್ಟೆ. ಮಾತನಾಡುತ್ತ ಮಾತನಾಡುತ್ತ ಅದನ್ನು ತೆಗೆದು ಎದುರಿಗೆ ಏನು ಸಿಕ್ಕಿತೋ ಅದನ್ನು ಒರೆಸುವರು. ಒಮ್ಮೆ ನಮ್ಮ ಮನೆಗೆ ಬಂದಿದ್ದ ನನ್ನ ಚಿಕ್ಕಪ್ಪನ ಕನ್ನಡಕವನ್ನು, ಅದು ಚಿಕ್ಕಪ್ಪನ ಮೂಗಿನ ಮೇಲಿರುವಾಗಲೇ, ಒರೆಸಿಬಿಟ್ಟಿದ್ದರು.

ಆದರೆ ಅವರ ಪಂಚಪ್ರಾಣವೆಲ್ಲ ಇದ್ದದ್ದು ಡ್ಯಾಶ್‌ಬೋರ್ಡಿನಲ್ಲಿ. ಬಿಸಿಲಿಗೆ ಬಣ್ಣಗೆಟ್ಟು, ಬಿರುಕು ಬಿಟ್ಟು, ಅಂಟಂಟಾದ ಡ್ಯಾಶ್‌ಬೋರ್ಡನ್ನು ಎಲ್ಲಾದರೂ ಕಂಡರೆ, ಆಸ್ಪತ್ರೆಯಲ್ಲಿ ಪರಿಚಿತರನ್ನು ಕಂಡವರಂತೆ ನಿಟ್ಟುಸಿರು ಬಿಡುತ್ತಿದ್ದರು. ‘ಎಂಜಿನ್ ಕೆಟ್ಟರೆ ರಿಪೇರಿ ಇದೆ, ಟೈರು ಸವೆದರೆ ಬೇರೆ ಹಾಕಬಹುದು. ಇದು ಒಡೆದರೆ ಮುಗೀತು, ಕಾರಿನ ಮುಖಾನೇ ಹೋದ ಹಾಗೆ. ಹೌದೋ ಅಲ್ವೋ?’ ಅವರ ಮೇಲಧಿಕಾರಿಯೊಬ್ಬರು ಒಮ್ಮೆ ಬಿಸಿ ಚಹಾದ ಲೋಟವನ್ನು ಡ್ಯಾಶ್‌ಬೋರ್ಡಿನ ಮೇಲಿಟ್ಟಾಗ, ಇಡೀ ಕಚೇರಿ ಹೆದರುತ್ತಿದ್ದ ಆ ಮನುಷ್ಯನ ಕಡೆ ತಿರುಗಿ, ‘ಸಾರ್, ಅದು ಮೇಜಲ್ಲ’ ಎಂದಿದ್ದರಂತೆ. ಸಾಹೇಬರು ಉಳಿದ ದಾರಿಯಷ್ಟೂ ಲೋಟವನ್ನು ಕೈಯಲ್ಲೇ ಹಿಡಿದು ಕೂತಿದ್ದರು. ಅಂದಿನಿಂದ ಮಾವನವರ ಕಾರಿನಲ್ಲಿ ಮುಂದಿನ ಸೀಟಿಗೆ ಜನರನ್ನು ಕೂರಿಸುವ ಪದ್ಧತಿಯೇ ನಿಂತುಹೋಯಿತು: ಮುಂದೆ ಸಾಮಾನಿನ ಚೀಲ, ಹಿಂದೆ ಜನ.

ನಿವೃತ್ತಿಯಾದ ಮೇಲೆ ಒಂದು ಹಳೆಯ ಕಾರು ಕೊಂಡರು, ಆ ಪದ್ಧತಿಯೂ ಜೊತೆಗೇ ಮನೆಗೆ ಬಂತು. ಜೀವನದಲ್ಲಿ ಮೊದಲ ಸಲ ಸ್ವಂತ ಕಾರು. ಆದರೂ ಅತ್ತೆಯವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬೇಕೆಂದು ಆ ಮನುಷ್ಯನಿಗೆ ಹೊಳೆಯಲೇ ಇಲ್ಲ. ಹಿಂದಿನ ಬಾಗಿಲು ತೆರೆದು, ಎಡಮೂಲೆಯ ಸಾಹೇಬರ ಸೀಟಿನಲ್ಲಿ ಹೆಂಡತಿಯನ್ನು ಕೂರಿಸಿ, ಬಾಗಿಲು ಮೆತ್ತಗೆ ಮುಚ್ಚಿ, ಕಾರಿಗೆ ಒಂದು ಸುತ್ತು ಬಂದು ನಾಲ್ಕೂ ಟೈರು ನೋಡಿ, ತಮ್ಮ ಜಾಗಕ್ಕೆ ಏರುತ್ತಿದ್ದರು. ಅತ್ತೆಯೂ ಎಂಥ ಸಾಹೇಬರು! ದಿನಾ ಬೆಳಗ್ಗೆ ಹತ್ತಕ್ಕೆ ತರಕಾರಿಗೆ, ಸಂಜೆ ತಂಗಿಯ ಮನೆಗೆ, ನಡುವೆ ಏನೂ ಕೆಲಸವಿಲ್ಲದಿದ್ದರೆ ಸುಮ್ಮನೆ ಒಂದು ಸುತ್ತು. ಗಂಡ ಹೆಂಡತಿ ಮಾತನಾಡಿಕೊಳ್ಳುತ್ತಿದ್ದದ್ದೇ ಕಾರಿನಲ್ಲಿ; ಮನೆಯಲ್ಲಿ ಇಬ್ಬರಿಗೂ ಪುರಸೊತ್ತಿರಲಿಲ್ಲ.

ಆ ಕಾರಿಗೆ ಮಾವ ಮೊದಲು ಮಾಡಿದ್ದು ಬೂದುಬಣ್ಣದ ಮಂದ ಬಟ್ಟೆಯ ಹೊದಿಕೆ. ಡ್ಯಾಶ್‌ಬೋರ್ಡಿನ ಮೇಲೆ ಹಳೆಯ ಪತ್ರಿಕೆ ಹಾಸಿ, ಅಂಗೈಯಲ್ಲಿ ಒತ್ತಿ ಒತ್ತಿ ಅಂಚು ಮೂಡಿಸಿ, ಎಸಿ ಗಾಳಿ ಬರುವ ಕಿಂಡಿಗೆ, ಏರ್‌ಬ್ಯಾಗಿನ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ಅಳತೆ ಕತ್ತರಿಸಿದರು. ಮೆಷಿನ್ ತುಳಿದದ್ದು ಅತ್ತೆ. ಕೂತಿತು ನೋಡಿ, ಕಾರಿನ ಜೊತೆಗೇ ಹುಟ್ಟಿದ್ದೆನ್ನುವ ಹಾಗೆ.

ಇಷ್ಟಕ್ಕೇ ನಿಂತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಮಾವನಿಗೆ ಅರವತ್ತೈದು ತುಂಬಿದ ದಿನ ಅತ್ತೆ ಒಂದು ಪೊಟ್ಟಣ ತಂದು ಮುಂದಿಟ್ಟರು. ಅಟ್ಟದ ಮೇಲಿದ್ದ ಅದೇ ಪತ್ರಿಕೆಯ ಅಳತೆಯನ್ನು ಕದ್ದು ತೆಗೆದು, ಯಾರಿಗೂ ಹೇಳದೆ, ಎರಡು ತಿಂಗಳು ಮಧ್ಯಾಹ್ನದ ನಿದ್ದೆ ಬಿಟ್ಟು ಹೊಲಿದ ಹೊಸ ಹೊದಿಕೆ. ಹಾಲಿನಂಥ ಬಿಳಿ ಬಟ್ಟೆ. ಅದರ ತುಂಬ ಕೆಂಪು, ಹಳದಿ, ನೇರಳೆ ಹೂವುಗಳು, ಹಸಿರು ಬಳ್ಳಿ, ಅಂಚಿನಲ್ಲಿ ಸಾಲಾಗಿ ಮೊಗ್ಗು. ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಮಾವ ಒಂದೊಂದು ಹೂವಿನ ಮೇಲೂ ಬೆರಳಾಡಿಸಿ, ‘ಎಷ್ಟು ಚೆನ್ನಾಗಿದೆ ಕಣೇ’ ಎಂದರು. ಅವತ್ತು ಬಾಲವಿಲ್ಲದ ಮಾತು ಅದೊಂದೇ.

ಡ್ಯಾಶ್‌ಬೋರ್ಡಿನ ಮೇಲೆ ಬಿಳಿ ಬಟ್ಟೆ ಹಾಸಬಾರದೆಂಬುದು ಕಾರು ಓಡಿಸುವ ಪ್ರತಿಯೊಬ್ಬನಿಗೂ ಗೊತ್ತು. ಬಿಸಿಲು ಬಿದ್ದರೆ ಆ ಬಿಳುಪು ಎದುರಿನ ಗಾಜಿಗೆ ಹೊಡೆಯುತ್ತದೆ. ದಾರಿಯ ಮೇಲೆ ತೆಳ್ಳನೆಯ ಬಿಳಿ ಪರದೆಯೊಂದು ಹರಡಿಕೊಳ್ಳುತ್ತದೆ. ಅದರ ಮೇಲೆ ಹೂವುಗಳೂ ಇದ್ದರೆ, ರಸ್ತೆ ದಾಟುವವರ ತಲೆಯ ಮೇಲೆ ಹೂವು, ಎದುರು ಬರುವ ಲಾರಿಯ ಮೇಲೆ ಬಳ್ಳಿ. ಓಡಿಸದವರಿಗೆ, ಅದೂ ಹಿಂದಿನ ಸೀಟಿನ ಎಡಮೂಲೆಯಲ್ಲಿ ಕೂರುವವರಿಗೆ, ಇದು ಗೊತ್ತಾಗುವ ಮಾತೇ ಇಲ್ಲ.

ಮಾವ ಉಪಾಯಗಳನ್ನು ಹೂಡಲಿಲ್ಲವೆಂದಲ್ಲ. ‘ಇಂಥದ್ದು ಬಿಸಿಲಿಗೆ ಹಾಕೋದೇ? ಬೀರುವಿನಲ್ಲಿಡೋಣ, ಹೌದೋ ಅಲ್ವೋ?’ ಎಂದು ನೋಡಿದರು. ಅತ್ತೆಯ ಮುಖ ಬಾಡಿತು: ‘ಬೀರುವಿಗೆ ಅಂತ ಹೊಲಿದಿಲ್ಲ ನಾನು.’ ಬಿಳಿಯದರ ಮೇಲೆ ಹಳೆಯ ಬೂದುಬಟ್ಟೆಯನ್ನು ರಕ್ಷಣೆಗೆಂದು ಹೊದಿಸಿದರು. ‘ನನ್ನ ಹೊಲಿಗೆ ಮುಚ್ಚಿಡೋ ಹಾಗಿದೆಯಾ ಹಾಗಾದರೆ?’ ಮನೆತುಂಬ ಕವರು ಹೊದಿಸಿದ ಮನುಷ್ಯ ಕೊನೆಗೆ ಒಂದೇ ಒಂದು ಕವರಿನ ಕೈಗೆ ಸಿಕ್ಕಿಬಿದ್ದಿದ್ದರು.

ನನಗೆ ಈ ಗುಟ್ಟು ಗೊತ್ತಾದದ್ದು ಅಕಸ್ಮಾತ್ತಾಗಿ. ಒಂದು ದಿನ ಹಿಂದಿನ ಸೀಟಿನಲ್ಲಿ ಅತ್ತೆ, ಅವರ ತಂಗಿ, ಜೊತೆಗೆ ಡ್ಯಾಶ್‌ಬೋರ್ಡಿಗೆ ತಾಗೀತೆಂದು ಮಾವ ಹಿಂದೆಯೇ ಹಾಕಿಸಿದ ಎರಡು ಅಕ್ಕಿ ಚೀಲ. ಜಾಗವಿಲ್ಲದೆ ನಾನು ಮುಂದೆ ಕೂತೆ. ಬಿಸಿಲಿಗೆ ತಿರುಗಿದ್ದೇ ತಡ, ಗಾಜಿನ ತುಂಬ ಹೂವು ಅರಳಿಕೊಂಡವು. ಮಾವ ಕೊಕ್ಕರೆಯಂತೆ ಕತ್ತು ನೀಡಿ, ಒಂದು ಬಳ್ಳಿಗೂ ಇನ್ನೊಂದು ಬಳ್ಳಿಗೂ ನಡುವಿನ ಸಂದಿಯಲ್ಲಿ ದಾರಿ ಹುಡುಕುತ್ತಿದ್ದರು. ಮನೆಗೆ ಬಂದು ಅವರಿಬ್ಬರೂ ಇಳಿದ ಮೇಲೆ ಕೇಳಿದೆ.

‘ಮಾವ, ಇದರಲ್ಲಿ ನಿಮಗೆ ಏನಾದ್ರೂ ಕಾಣುತ್ತಾ?’

‘ಮೆತ್ತಗೆ ಮಾತಾಡಮ್ಮ. ನಿಮ್ಮತ್ತೆ ಎರಡು ತಿಂಗಳು ಮಲಗಿಲ್ಲ. ಬಾಯಿ ಬಿಡಲ್ಲ ಅಂತ ಮಾತು ಕೊಡು.’

ಕೊಟ್ಟೆ. ಕೊಟ್ಟು ಕೆಟ್ಟೆ. ಏಕೆಂದರೆ ಮನೆಯಲ್ಲಿ ಆಗಲೇ ಬೇರೆ ಮಾತು ಶುರುವಾಗಿತ್ತು. ಮಾವ ಮಟಮಟ ಮಧ್ಯಾಹ್ನ ಕಾರು ತೆಗೆಯುವುದಿಲ್ಲ, ಮೊದಲಿನ ಅರ್ಧ ವೇಗವೂ ಇಲ್ಲ, ತಿರುವಿನಲ್ಲಿ ಕಣ್ಣು ಕಿರಿದು ಮಾಡುತ್ತಾರೆ. ಇವನ್ನೆಲ್ಲ ಕೂಡಿಸಿ ನಮ್ಮ ಮನೆಯವರು, ಅಂದರೆ ಮಾವನ ಒಬ್ಬನೇ ಮಗ, ಸ್ಟೀರಿಂಗ್ ಮುಟ್ಟಿಯೇ ಗೊತ್ತಿಲ್ಲದವರು, ‘ಅಪ್ಪನ ಕಣ್ಣು ಹೋಗ್ತಿದೆ’ ಎಂದು ತೀರ್ಮಾನಿಸಿದರು. ಕಣ್ಣಿನ ಡಾಕ್ಟರ ಬಳಿಗೆ ಕರೆದೊಯ್ದರು. ಮಾವ ಹಲಗೆಯ ಕಟ್ಟಕಡೆಯ ಸಾಲನ್ನು ಓದಿದ್ದಲ್ಲದೆ, ಅದರ ಕೆಳಗೆ ಸಣ್ಣಕ್ಷರದಲ್ಲಿ ಅಚ್ಚಾಗಿದ್ದ ಮುದ್ರಣಾಲಯದ ವಿಳಾಸವನ್ನೂ ಓದಿ ಹೇಳಿದರಂತೆ. ಡಾಕ್ಟರು ಬೆನ್ನು ತಟ್ಟಿ ಕಳಿಸಿದರು. ನಮ್ಮ ಮನೆಯವರು ಇನ್ನಷ್ಟು ಕಂಗಾಲಾಗಿ ಬಂದು, ‘ಕಣ್ಣು ಸರಿಯಾಗಿದೆ ಅಂದರೆ ತೊಂದರೆ ತಲೆಯಲ್ಲೇ ಇರಬೇಕು’ ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. ನಗಬೇಕೋ ಅಳಬೇಕೋ ತಿಳಿಯದೆ ನಾನು ತುಟಿ ಕಚ್ಚಿಕೊಂಡು ಕೂತೆ.

ಆಮೇಲಿನ ವಾರ ನಡೆಯಬಾರದ್ದು ನಡೆಯಿತು. ಅತ್ತೆಯನ್ನು ಕೂರಿಸಿಕೊಂಡು ಬರುವಾಗ ನಮ್ಮದೇ ಗೇಟಿನ ಕಂಬಕ್ಕೆ ಕಾರು ಉಜ್ಜಿತು. ಅಂಗೈ ಉದ್ದದ ಗೀರು, ಅಷ್ಟೇ. ಮಾವ ಇಳಿದು ಬಂದು ಅದನ್ನು ನೋಡಿದರು, ಹಳದಿ ಬಟ್ಟೆಯಿಂದ ಎರಡು ಸಲ ಒರೆಸಿದರು, ಹೋಗಲಿಲ್ಲ. ‘ಏಟೇನಾದ್ರೂ ಆಯ್ತೇನೇ?’ ಎಂದು ಅತ್ತೆಯನ್ನು ಮೂರು ಸಲ ಕೇಳಿದರು. ಆ ದಿನ ಅವರು ಊಟದ ಮೇಜಿನಿಂದ ಹಿಂದೆ ತಿರುಗಿ ನೋಡದೆಯೇ ಎದ್ದರು. ಮಾರನೆಯ ಬೆಳಗ್ಗೆ ಮಗನನ್ನು ಕರೆದು, ‘ಯಾರಿಗಾದ್ರೂ ಕಾರು ಕೊಟ್ಟುಬಿಡಪ್ಪ. ನನ್ನಿಂದ ಇನ್ನು ಆಗಲ್ಲ’ ಎಂದರು.

ಅಯ್ಯೋ! ಈ ಮನುಷ್ಯನಿಂದ ಕಾರು ಕಿತ್ತುಕೊಂಡರೆ ಉಳಿಯುವುದೇನು? ಅತ್ತೆ ಮಾತ್ರ ಎರಡು ದಿನ ಸುಮ್ಮನೆ ಕಣ್ಣೊರೆಸಿಕೊಂಡರು. ಗಂಡನಿಗೆ ವಯಸ್ಸಾಯಿತೆಂಬ ದುಃಖ ಅವರಿಗೆ. ಆ ದುಃಖ ಸುಳ್ಳೆಂದು ಗೊತ್ತಿದ್ದವರು ಮನೆಯಲ್ಲಿ ಇಬ್ಬರು, ಇಬ್ಬರ ಬಾಯಿಗೂ ಬೀಗ.

ಭಾನುವಾರ ಮಧ್ಯಾಹ್ನ ಕೊಳ್ಳುವವರು ಬಂದರು. ಹಜಾರದಲ್ಲಿ ಚಹಾ ಕುಡಿಯುತ್ತ ಮಾವನ ಜೊತೆ, ನಮ್ಮ ಮನೆಯವರ ಜೊತೆ ಮಾತಿಗೆ ಕೂತರು. ಕಾರು ಹೊರಗೆ ಸುಡುಬಿಸಿಲಿನಲ್ಲಿ ನಿಂತಿತ್ತು. ಅತ್ತೆ ಅಡುಗೆಮನೆಗೆ ಬಂದು, ‘ಕಾರು ಹೋದರೂ ನನ್ನ ಹೊಲಿಗೆ ಕೊಡಲ್ಲಮ್ಮ. ಹೋಗಿ ಬಿಚ್ಕೊಂಡು ಬಾ’ ಎಂದರು. ಬಾಯಿ ಬಿಡುವುದಿಲ್ಲವೆಂದು ನಾನು ಮಾತು ಕೊಟ್ಟಿದ್ದೆ, ನಿಜ. ಸೀಟು ತೋರಿಸುವುದಿಲ್ಲವೆಂದು ಕೊಟ್ಟಿರಲಿಲ್ಲ.

‘ನನಗೆ ಆ ಹೊದಿಕೆ ಕಟ್ಟಿರೋ ಗಂಟು ಬಿಚ್ಚೋಕೆ ಬರಲ್ಲ ಅತ್ತೆ. ನೀವೇ ಹೋಗಿ. ಡ್ರೈವರ್ ಸೀಟಿನಲ್ಲಿ ಕೂತರೆ ಕೈಗೆ ಸಿಗುತ್ತೆ.’

ಅತ್ತೆ ಹೋದರು. ಹುಟ್ಟಿದಾಗಿನಿಂದ ಒಮ್ಮೆಯೂ ಕೂರದಿದ್ದ ಜಾಗದಲ್ಲಿ ಸೆರಗು ಸರಿಮಾಡಿಕೊಂಡು ಕೂತರು. ಗಂಟಿಗೆ ಕೈ ಹಾಕಿದರು, ತಲೆ ಎತ್ತಿದರು, ಕೈ ಅಲ್ಲೇ ನಿಂತಿತು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಎದುರು ಬೀದಿಯಲ್ಲಿ ಸೈಕಲ್ಲಿನವನೊಬ್ಬ ಬಂದ. ಅವನು ಯಾವ ಹೂವಿನ ಹಿಂದೆ ಮರೆಯಾದನೋ, ಅತ್ತೆ ಎಡಕ್ಕೆ ವಾಲಿ, ಬಲಕ್ಕೆ ವಾಲಿ, ಮಾವನಂತೆಯೇ ಕತ್ತು ನೀಡಿ ಅವನನ್ನು ಹುಡುಕಿದರು. ಆಮೇಲೆ ಗಂಟುಗಳನ್ನು ಒಂದೊಂದಾಗಿ ಬಿಚ್ಚಿದರು.

ಹೊದಿಕೆಯನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ನೇರ ಹಜಾರಕ್ಕೆ ಬಂದರು. ಕೊಳ್ಳುವವರ ಕಡೆ ತಿರುಗಿ, ‘ಕ್ಷಮಿಸಿ, ಕಾರು ಮಾರೋದಿಲ್ಲ’ ಎಂದರು. ಆಮೇಲೆ ಗಂಡನ ಕಡೆ.

‘ಆರು ತಿಂಗಳು! ಆರು ತಿಂಗಳು ಇದರೊಳಗಿಂದ ನೋಡ್ಕೊಂಡು ಓಡಿಸಿದ್ರಾ? ನನಗೊಂದು ಮಾತು ಹೇಳೋಕೆ ಏನಾಗಿತ್ತು ನಿಮಗೆ?’

ಮಾವ ನನ್ನ ಕಡೆ ನೋಡಿದರು. ನಾನು ಗೋಡೆಯ ಕಡೆ ನೋಡಿದೆ.

‘ಹೂವು ಚೆನ್ನಾಗಿದ್ವು ಕಣೇ.’

‘ಚೆನ್ನಾಗಿದ್ವಂತೆ! ಹಿಂದೆ ನಾನು ಕೂತಿದ್ದೆ. ಎಲ್ಲಾದ್ರೂ ಗುದ್ದಿದ್ರೆ?’

‘ಅದಕ್ಕೇ ಕಣೇ ಮಾರೋಕೆ ಹೊರಟಿದ್ದು.’

ಕೊಳ್ಳಬಂದವರು ಚಹಾದ ಲೋಟವನ್ನು ಸದ್ದಿಲ್ಲದೆ ಕೆಳಗಿಟ್ಟರು. ಅತ್ತೆ ಸುರುಳಿಯನ್ನು ಕಂಕುಳಲ್ಲಿ ಇನ್ನಷ್ಟು ಒತ್ತಿಕೊಂಡು ಒಳಗೆ ಹೋಗಿಬಿಟ್ಟರು. ನಮ್ಮ ಮನೆಯವರು ಒಬ್ಬರೇ ಎಲ್ಲರ ಮುಖವನ್ನೂ ಸರದಿಯ ಮೇಲೆ ನೋಡುತ್ತ, ‘ಯಾವುದರೊಳಗಿಂದ? ಯಾವ ಹೂವು?’ ಎಂದು ಕೇಳುತ್ತಲೇ ಇದ್ದರು.

ಮೂರು ದಿನ ಅತ್ತೆ ಮುಖ ಊದಿಸಿಕೊಂಡಿದ್ದರು. ಸಿಟ್ಟು ಸುಳ್ಳಿಗೋ ಪ್ರೀತಿಗೋ ಅವರಿಗೇ ಗೊತ್ತಿರಲಿಲ್ಲ. ನಾಲ್ಕನೆಯ ದಿನ ಅಚ್ಚಗಪ್ಪು ಬಟ್ಟೆ ತರಿಸಿ ಕಪ್ಪು ದಾರದಲ್ಲೇ ಹೂವು ಹಾಕಲು ಕೂತರು. ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಮಾತ್ರ ಸಿಗುತ್ತದೆ. ಈಗ ಸಾಮಾನಿನ ಚೀಲ ಹಿಂದಿನ ಸೀಟಿಗೆ ಹೋಗಿದೆ. ಅತ್ತೆ ಮುಂದೆ ಕೂತು ದಾರಿಯುದ್ದಕ್ಕೂ ‘ಬ್ರೇಕು, ಬ್ರೇಕು’ ಎನ್ನುತ್ತಾರಂತೆ. ಬಿಳಿ ಹೊದಿಕೆಯೇ ಎಷ್ಟೋ ವಾಸಿಯಾಗಿತ್ತೆಂದು ಮಾವ ನನ್ನೆದುರು ಗೊಣಗುತ್ತಾರೆ.

ಮೇಲಧಿಕಾರಿಯ ಮುಖಕ್ಕೆ ಹೊಡೆದಂತೆ ಸತ್ಯ ಹೇಳಬಲ್ಲವರು ಮನೆಯವರೆದುರು ಒಂದು ಸಣ್ಣ ‘ಬೇಡ’ ಹೇಳಲಾರದೆ ಒದ್ದಾಡುವುದುಂಟು. ನಾವು ಅವರನ್ನು ಮಂಕರೆನ್ನುತ್ತೇವೆ, ಮುದುಕರೆನ್ನುತ್ತೇವೆ, ಡಾಕ್ಟರ ಬಳಿಗೆ ಎಳೆದೊಯ್ಯುತ್ತೇವೆ. ಅವರು ಆ ಹೆಸರುಗಳನ್ನೆಲ್ಲ ಹೊಟ್ಟೆಗೆ ಹಾಕಿಕೊಂಡು ತಮಗೆ ಪ್ರಿಯವಾದದ್ದನ್ನೇ ಬಿಟ್ಟುಕೊಡಲು ತಯಾರಾಗಿ ನಿಲ್ಲುತ್ತಾರೆ. ಇಂಥವರು ಎಂದೂ ಬಾಯಿ ಬಿಟ್ಟು ಹೇಳುವವರಲ್ಲ. ಅವರೊಡನೆ ಬಾಳುವ ನಾವೇ ಆಗಾಗ ಎದ್ದು ಹೋಗಿ, ಅವರ ಜಾಗದಲ್ಲಿ ಒಂದು ಗಳಿಗೆ ಕೂತು, ಅಲ್ಲಿಂದ ದಾರಿ ಹೇಗೆ ಕಾಣುತ್ತದೆಂದು ನೋಡಬೇಕು.