ಇಳಿದ ಮುಳ್ಳು

ನಾದಿನಿಗೆ ಮಾತು ಕಮ್ಮಿ. ಅದಕ್ಕೇ ಅತ್ತಿಗೆ ಅವಳನ್ನು ಮಾತಿನಮಲ್ಲಿ ಎಂದು ಛೇಡಿಸುತ್ತಿದ್ದಳು. ಅನಿಲಗಳು ಯಾವಾಗ ಸಿಡಿಯುತ್ತವೆಂದು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಅತ್ತಿಗೆಗೆ ಕೆಲಸ. ಕೈಸಹಾಯಕ್ಕೆಂದು ನಾದಿನಿ ಸೇರಿ ವಾರವೂ ಆಗಿರಲಿಲ್ಲ.

ಹಿಂದಿನ ದಿನ ಅತ್ತಿಗೆ ಪಾಠ ಶುರು ಮಾಡಿದ್ದಳು. “ಗಾಜಿನ ಬುಡ್ಡಿಗೆ ಹೈಡ್ರೋಜನ್, ಆಕ್ಸಿಜನ್ ತುಂಬಿ ಕಾಯಿಸ್ತೀವಿ. ಒತ್ತಡ ವಿಪರೀತ ಏರಿದ್ರೆ ಒಳಗೆ ಹುಟ್ಟೋ ಬಿಸಿಗೆ ಹೊರಗೆ ಹೋಗೋಕೆ ಪುರುಸೊತ್ತೇ ಸಿಗಲ್ಲ. ಬಿಸಿಗೆ ಬಿಸಿ ಸೇರಿ ಢಮಾರ್. ಇನ್ನೊಂದು ಥರದ್ದೂ ಇದೆ, ಅದು ನಾಳೆಗೆ. ಈಗ ಹೊಟ್ಟೆ ತಾಳ ಹಾಕ್ತಿದೆ.”

ಇವತ್ತು ಬುಡ್ಡಿ ಕುಲುಮೆಯಲ್ಲಿ ಕಾಯುತ್ತಿತ್ತು. ಉಸಿರಿಗೆ ಮಂಜುಗಟ್ಟುತ್ತದೆಂದು ಅತ್ತಿಗೆ ದಪ್ಪ ಪ್ಲಾಸ್ಟಿಕ್ಕಿನ ಮುಖಗವಸನ್ನು ಹಣೆಯ ಮೇಲಕ್ಕೆ ಸರಿಸಿ, ಕುಲುಮೆಯ ಕಿಂಡಿಯತ್ತ ಬಗ್ಗಿದ್ದಳು. ನಾದಿನಿಯ ಕಣ್ಣು ಒತ್ತಡ ತೋರಿಸುವ ಮುಳ್ಳಿನ ಮೇಲೆ. ಅದು ಏರುತ್ತಲೇ ಇತ್ತು. ಗವಸು ಇಳಿಸಿಕೊಳ್ಳಿ ಎನ್ನಬೇಕು. ಮಾತು ಗಂಟಲಲ್ಲೇ ಕೂತಿತು. ದೊಡ್ಡವರಿಗೆ ಬುದ್ಧಿ ಹೇಳುವುದಕ್ಕಿಂತ ಕೈಯಲ್ಲಿ ಮಾಡಿಬಿಡುವುದೇ ಸಲೀಸು. ಒತ್ತಡ ಇಳಿದರೆ ಅಪಾಯವೂ ಇಳಿಯುತ್ತದಲ್ಲ. ಸದ್ದಿಲ್ಲದೆ ಕೈ ಚಾಚಿ, ಅನಿಲ ಹೀರುವ ಪಂಪಿನ ತಿರುಪು ತೆರೆದಳು.

ಮುಳ್ಳು ಇಳಿಯಿತು. ಅವಳು ಉಸಿರು ಬಿಡುವಷ್ಟರಲ್ಲಿ ಕುಲುಮೆಯೊಳಗೆ ಬುಡ್ಡಿ ಸಿಡಿಯಿತು.

ಕಿವಿಯಲ್ಲಿ ಗುಂಯ್ ಎನ್ನುವುದೊಂದೇ ಉಳಿಯಿತು. ಅತ್ತಿಗೆ ನೆಲದ ಮೇಲೆ ಕೂತಿದ್ದಳು. ಕೂದಲ ತುಂಬ ಗಾಜಿನ ಪುಡಿ, ಹುಬ್ಬಿನಿಂದ ರಕ್ತ. ಎರಡೂ ಕಣ್ಣು ತೆರೆದಿದ್ದವು. ಅವು ತೆರೆದ ತಿರುಪಿನ ಮೇಲೆ ನೆಟ್ಟಿದ್ದವು.

“ಒತ್ತಡ ಇಳಿಸಿದ್ಯಾ?”

ನಾದಿನಿ ಹೌದೆಂದು ತಲೆಯಾಡಿಸಿದಳು. ಇಳಿಸಿದ್ದಕ್ಕೇ ಸಿಡಿಯಿತೇ?

“ಅದೇ ಕಣೇ ಇನ್ನೊಂದು ಥರದ್ದು.” ಅತ್ತಿಗೆಯ ದನಿ ಎಲ್ಲಿಂದಲೋ ಬಂದಂತಿತ್ತು. “ಒಳಗೆ ಅಣುಗಳು ಒಡೆದು ಪುಂಡ ಚೂರುಗಳು ಹುಟ್ತವೆ. ಒಂದರಿಂದ ಹಲವು, ಅವುಗಳಿಂದ ಇನ್ನಷ್ಟು, ಸರಪಳಿ ಥರ. ಅನಿಲ ದಟ್ಟವಾಗಿದ್ರೆ ಅಕ್ಕಪಕ್ಕದ ಅಣುಗಳು ಅವನ್ನ ಹಿಡಿದು ಅಡಗಿಸ್ತವೆ. ನೀನು ಗುಂಪು ತೆಳುವಾಗಿಸಿದೆ, ಹಿಡಿಯೋರೇ ಇಲ್ಲ. ಕುಲುಮೆ ಆರೋವರೆಗೆ ತಿರುಪು ಮುಟ್ಟಬಾರದು. ಅರ್ಧ ಹೇಳಿ ಊಟಕ್ಕೆದ್ದವಳು ನಾನು. ಆದ್ರೂ ಒಂದು ಮಾತು ಕೇಳಬಾರದಿತ್ತಾ, ಮಾತಿನಮಲ್ಲಿ?”

ನಾದಿನಿಯ ಗಂಟಲಲ್ಲಿ ಕೂತಿದ್ದ ಮಾತು ಈಗ ಹೊರಬಿತ್ತು.

“ಅತ್ತಿಗೆ, ಗವಸು ಇಳಿಸ್ಕೊಳ್ಳಿ.”

ಅತ್ತಿಗೆ ಅವಳನ್ನೇ ನೋಡುತ್ತ, ಅದನ್ನು ಮುಖಕ್ಕೆ ಎಳೆದುಕೊಂಡಳು.