ಸಂತ ಲುಗಾನರ ತೇಲುಗಲ್ಲು

ಸಂತ ಲುಗಾನರ ಹಬ್ಬದ ದಿನ ಬೆಳಿಗ್ಗೆ ಮುಯಿರೆನ್ ತನ್ನ ತೊಗಲಿನ ದೋಣಿಗೆ ತಾನೇ ಹುಟ್ಟು ಹಾಕಿಕೊಂಡು ದ್ವೀಪಕ್ಕೆ ಬಂದಳು. ಬಂದವಳು ನೆಟ್ಟಗೆ ಮಠದ ಗುರು ಕೆಲ್ಲಕರ ಬಾಗಿಲ ಮುಂದೆ ಕಾಲು ಚಾಚಿ ಕೂತುಬಿಟ್ಟಳು. ಒಳಗೆ ಹಬ್ಬಕ್ಕೆಂದು ಹಂದಿಮಾಂಸ ಬೇಯುತ್ತಿತ್ತು. ಕೆಲ್ಲಕರು ಮೊದಲ ತುಂಡನ್ನು ಬಾಯಿಗಿಡುವುದರೊಳಗೆ ಯಾರೋ ಓಡಿಬಂದು, ಹೊರಗೊಬ್ಬಳು ಉಪವಾಸ ಕೂತಿದ್ದಾಳೆ ಎಂದರು. ಎತ್ತಿದ ಕೈ ಅಲ್ಲೇ ನಿಂತಿತು. ಅನ್ಯಾಯವಾದವರು ಬಾಗಿಲಲ್ಲಿ ಉಪವಾಸ ಕೂತರೆ ಮನೆಯೊಳಗಿನವನೂ ಅನ್ನ ಮುಟ್ಟುವಂತಿಲ್ಲ. ಮುಟ್ಟಿದರೆ ಐರ್ಲೆಂಡಿನ ಯಾವ ನ್ಯಾಯಗಾರನೂ ಅವನ ಮಾತಿಗೆ ಕಿವಿಗೊಡುವುದಿಲ್ಲ, ಅವನು ರಾಜನಾದರೂ ಅಷ್ಟೆ, ಗುರುವಾದರೂ ಅಷ್ಟೆ.

ಕೆಲ್ಲಕರು ಬಾಗಿಲಿಗೆ ಬಂದರು. "ಏನಮ್ಮಾ ಇದು, ಹಬ್ಬದ ದಿನ! ನಾನೇನು ಅನ್ಯಾಯ ಮಾಡಿದೆ ನಿನಗೆ?"

"ನಿಮ್ಮ ಮೇಲಲ್ಲ ಗುರುಗಳೇ. ಸಂತರ ಮೇಲೆ ಉಪವಾಸ ಕೂತಿದ್ದೀನಿ."

"ಸಂತರು ತೀರಿಕೊಂಡು ನಲವತ್ತು ವರ್ಷ ಆಯ್ತಲ್ಲೇ!"

"ಅವರ ಜಾಗದಲ್ಲಿ ನೀವಿದ್ದೀರಲ್ಲ. ಅವರ ಪಾಲಿನ ಹಂದಿ ತಿನ್ನೋರು ನೀವೇ ಅಂದಮೇಲೆ ಅವರ ಪಾಲಿನ ಹಸಿವೂ ನಿಮ್ಮದೇ."

ಸಂತರ ಮೇಲೆ ಮುಯಿರೆನಳಿಗೆ ಭಕ್ತಿಯಿರಲಿಲ್ಲ ಎಂದಲ್ಲ. ಓಕ್ ಮರಕ್ಕೂ ಬುಗ್ಗೆಗೂ ಕೈಮುಗಿಯುತ್ತಿದ್ದ ಜನಕ್ಕೆ ಕ್ರಿಸ್ತನ ಹೆಸರು ಹೇಳಿಕೊಟ್ಟವರು ಅವರು. ಹಿಮದ ನೀರಿನಲ್ಲಿ ಎದೆಮಟ್ಟ ನಿಂತು ದೀಕ್ಷಾಸ್ನಾನಕ್ಕೆಂದು ಊರಿಗೆ ಊರನ್ನೇ ಮುಳುಗಿಸಿ ಎತ್ತಿದವರು. ಅವರು ಒದ್ದೆ ನಿಲುವಂಗಿಯನ್ನು ಬಿಸಿಲಕೋಲಿಗೆ ಒಣಹಾಕಿದ್ದನ್ನೂ ಕರು ತಿಂದ ತೋಳನಿಂದ ಆ ಕರುವಿನ ತಾಯಿ ಹಸುವನ್ನೇ ಕಾಯಿಸಿದ್ದನ್ನೂ ಅವಳು ಮನಸಾರೆ ನಂಬಿದ್ದಳು. ಅವಳ ಜಗಳವೆಲ್ಲ ಒಂದೇ ಕತೆಯ ಜೊತೆ. ದೋಣಿಗಾರ ಗರ್ವಾನ್ ಸಂತರನ್ನು ದಾಟಿಸಲು ಒಪ್ಪಲಿಲ್ಲವಂತೆ. ನಿನ್ನ ವಂಶದ ದೋಣಿ ಹತ್ತಿದವನು ಮುಳುಗಲಿ ಎಂದು ಶಪಿಸಿದ ಸಂತರು ದಡದ ಕಲ್ಲೊಂದರ ಮೇಲೆ ನಿಂತು ತೇಲಿಕೊಂಡು ಬಂದರಂತೆ. ಆ ಕಲ್ಲು ಈಗಲೂ ಮಠದ ಅಂಗಳದಲ್ಲಿದೆ. ಅದರ ನಡುವಿನ ಗೀರು ಸಂತರ ಹಿಮ್ಮಡಿಯ ಗುರುತೆಂದು ಜನ ಮುತ್ತಿಡುತ್ತಾರೆ. ಗರ್ವಾನ್ ಮುಯಿರೆನಳ ಅಪ್ಪ.

ಪ್ರತಿ ಹಬ್ಬಕ್ಕೂ ಗುರುಗಳು ಸಂತರ ಗಂಟೆ ಹಿಡಿದು ಆಚೆ ದಡಕ್ಕೆ ಹೋಗಿ, ದನಗಳನ್ನು ಹರಸಿ, ನೆರೆದ ಜನರೆದುರು ಈ ಕತೆ ಓದುತ್ತಾರೆ. ಮುಯಿರೆನಳ ಮಗಳು ರೊನ್ನತ್‌ಗೆ ಗಂಡು ಗೊತ್ತಾಗಿತ್ತು. "ಈ ವರ್ಷವೂ ಆ ಶಾಪ ಓದಿದರೆ ನಿಮ್ಮ ಸಂಬಂಧ ನಮಗೆ ಬೇಡ" ಎಂದು ಗಂಡಿನ ಅಪ್ಪ ಖಡಾಖಂಡಿತವಾಗಿ ಹೇಳಿ ಕಳಿಸಿದ್ದ. ಓದುವುದು ಇವತ್ತೇ, ಮಧ್ಯಾಹ್ನ.

"ತೊಗಲ ಹಾಳೆಯಿಂದ ಆ ಶಾಪದ ನಾಲ್ಕು ಸಾಲು ಕೆರೆದು ತೆಗೀರಿ, ಎದ್ದು ಹೋಗ್ತೀನಿ" ಎಂದಳು ಮುಯಿರೆನ್. "ನಮ್ಮಪ್ಪ ತಪ್ಪೇ ಮಾಡಿರಲಿ, ಮೊಮ್ಮಗಳು ಏನು ಮಾಡಿದ್ದಾಳೆ?"

"ಸಂತರ ಚರಿತ್ರೆ ಕಣಮ್ಮಾ ಅದು! ಮನಸ್ಸಿಗೆ ಬಂದ ಹಾಗೆ ಕೆರೆಯೋಕೆ ಅದೇನು ಹಂದಿ ತೊಗಲೇ?"

ಹೊತ್ತು ಏರಿತು. ಬೆಂದ ಮಾಂಸದ ವಾಸನೆ ಅಂಗಳವೆಲ್ಲ ಹರಡಿ ಗುರುಗಳ ಹೊಟ್ಟೆ ತಾಳ ಹಾಕತೊಡಗಿತು. ಆಗ ಮುದುಕ ಡಿಮ್ಮ ಕೋಲೂರಿಕೊಂಡು ಬಂದ. ಸಂತರ ಶಿಷ್ಯರಲ್ಲಿ ಉಳಿದಿದ್ದವನು ಅವನೊಬ್ಬನೇ. ಬಂದು ಮುಯಿರೆನಳ ಪಕ್ಕದಲ್ಲಿ ಕುಸಿದು ಕೂತ.

"ಕೆಲ್ಲಕ್, ಕಲ್ಲು ತೇಲಿದ್ದು ನಿಜ," ಎಂದ. "ಆದರೆ ದೋಣಿಯೊಳಗೆ."

"ಏನಜ್ಜಾ ಹಂಗಂದ್ರೆ?"

"ಅವತ್ತು ಬಿರುಗಾಳಿ. ಗರ್ವಾನ್ ದೋಣಿ ಇಳಿಸಲ್ಲ ಅಂದ. ನಮ್ಮ ಸಂತರಿಗೆ ಮೂಗಿನ ತುದೀಲೇ ಕೋಪ, ಶಾಪ ಹಾಕಿದರು, ಅದೂ ನಿಜ. ಬೆಳಿಗ್ಗೆ ಎದ್ದು ನೋಡಿದರೆ ಬೇರೆಯೋರ ಮೂರು ದೋಣಿ ಚೂರುಚೂರಾಗಿ ದಡಕ್ಕೆ ಬಿದ್ದಿದ್ದವು. ಸಂತರು ಗರ್ವಾನನ ಕೈ ಹಿಡ್ಕೊಂಡು ಅತ್ತುಬಿಟ್ಟರು. ಶಾಪ ವಾಪಸ್ ತಗೊಂಡೆ ಕಣಪ್ಪಾ ಅಂದರು. ಅವನ ಮನೆ ಗಂಜಿ ಕುಡಿದು, ಅವನ ದೋಣೀಲೇ ಬಂದ್ವಿ. ನಾವು ಬಡಕಲು ಜನ, ದೋಣಿ ಹಗುರಾಗಿ ಕುಣಿಯುತ್ತೆ ಅಂತ ಅವನೇ ಒಂದು ಕಲ್ಲಿಗೆ ಹಗ್ಗ ಬಿಗಿದು ತಳದಲ್ಲಿಟ್ಟ. ಆ ಗೀರು ಹಗ್ಗದ್ದು."

"ಮತ್ತೆ ಇಷ್ಟು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ರಾ?" ಕೆಲ್ಲಕರ ಮುಖ ಕೆಂಪಾಯಿತು.

"ಸಂತರ ಜೊತೆ ನೀರು ದಾಟಿ ಬಂದ ಕಲ್ಲು ಅಂತ ಹೇಳಿದೆ. ದೋಣಿ ಅನ್ನೋ ಮಾತೊಂದನ್ನ ಬಿಟ್ಟೆ. ಜನ ಬಾಯಿ ಬಿಟ್ಕೊಂಡು ಕೇಳ್ತಿದ್ರು, ನನಗೂ ಖುಷಿಯಾಯ್ತು. ತಪ್ಪಾಯ್ತು ಮಗಳೇ."

ಮುಯಿರೆನಳ ಅಪ್ಪ ಸಾಯುವವರೆಗೂ ಹೇಳುತ್ತಿದ್ದ, ನಾನೇ ದಾಟಿಸಿದ್ದು ಕಣೇ ಎಂದು. ಅಪ್ಪ ಮರ್ಯಾದೆ ಉಳಿಸಿಕೊಳ್ಳಲು ಏನೋ ಹೇಳುತ್ತಾನೆಂದು ಅವಳು "ಹೂಂ ಅಪ್ಪ, ಹೂಂ" ಎನ್ನುತ್ತ ಬಲೆ ಹೆಣೆಯುತ್ತ ಕೂತಿರುತ್ತಿದ್ದಳು. ಒಂದು ಸಲವಾದರೂ ತಲೆಯೆತ್ತಿ ಅವನ ಮುಖ ನೋಡಿರಲಿಲ್ಲ. ಈಗ ಅಲ್ಲೇ, ಗುರುಗಳೆದುರೇ, ಬಿಕ್ಕಿಬಿಕ್ಕಿ ಅತ್ತಳು.

ಕೆಲ್ಲಕರು ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ಶಾಪದ ಸಾಲು ಕೆರೆಸ್ತೀನಿ. ಗರ್ವಾನ್ ಸಜ್ಜನ ಅಂತ ಬರೆಸ್ತೀನಿ. ಆದರೆ ಕಲ್ಲಿನ ವಿಷಯ ಬಾಯಿ ಬಿಡಬೇಡ. ಆ ಕಲ್ಲು ನೋಡೋಕೇ ಮೂರು ದಿನ ನಡೆದು ಬರ್ತಾರೆ ಜನ."

ಮುಯಿರೆನ್ ಕಣ್ಣೊರೆಸಿಕೊಂಡಳು. ಮಗಳ ಮದುವೆ ಮುಂದೆ ಬಂದು ನಿಂತಿತ್ತು. "ಆಗಲಿ. ಆದರೆ ಬರೀ ಬರವಣಿಗೆ ಸಾಲದು. ಇವತ್ತು ನನ್ನ ದೋಣೀಲಿ ಆಚೆ ದಡಕ್ಕೆ ಬನ್ನಿ, ಬೀಗರ ಕಣ್ಣೆದುರಿಗೆ."

ಗುರುಗಳ ಮುಖದ ಬಣ್ಣ ಇಳಿಯಿತು. ಹನ್ನೆರಡು ವರ್ಷ ಆ ಶಾಪವನ್ನು ಗಟ್ಟಿಯಾಗಿ ಓದಿದವರು ಅವರು. ಡಿಮ್ಮನ ಮಾತು ತಲೆಗೆ ಹೋಗಿತ್ತು, ಕಾಲಿಗೆ ಹೋಗಿರಲಿಲ್ಲ. "ಕಲ್ಲೂ ಜೊತೆಗೆ ಬರಲಿ," ಎಂದರು ಕೊನೆಗೆ.

ನಾಲ್ವರು ಕಲ್ಲು ಹೊತ್ತು ದೋಣಿಯ ತಳಕ್ಕಿಟ್ಟರು. ಮುಯಿರೆನ್ ಆ ಗೀರಿನಲ್ಲೇ ಹಗ್ಗ ಬಿಗಿದಳು, ಅಳತೆ ಮಾಡಿದಂತೆ ಕೂತಿತು. ಗುರುಗಳು ಎರಡೂ ಕೈಯಲ್ಲಿ ಗಂಟೆ ಅವುಚಿಕೊಂಡು ದಾರಿಯುದ್ದಕ್ಕೂ ಕಣ್ಣು ಮುಚ್ಚಿದ್ದರು. ದೋಣಿ ಒಂದಿಷ್ಟೂ ಕುಣಿಯಲಿಲ್ಲ. ಒಣಗಾಲಲ್ಲಿ ಇಳಿದ ಗುರುಗಳನ್ನು ಕಂಡು ಗಂಡಿನ ಅಪ್ಪ ಮಂಡಿಯೂರಿದ.

ಮದುವೆ ನಡೆಯಿತು. ಚಳಿಗಾಲದಲ್ಲಿ ಡಿಮ್ಮ ತೀರಿಕೊಂಡ.

ಮುಂದಿನ ಹಬ್ಬಕ್ಕೆ ರೊನ್ನತ್ ತುಂಬಿದ ಬಸುರಿ. ತಾಯಿ ಮಗಳು ಅಕ್ಕಪಕ್ಕ ನಿಂತು ಚರಿತ್ರೆ ಕೇಳಿದರು. ಸಜ್ಜನನಾದ ಗರ್ವಾನ್ ದೋಣಿ ಕೊಡಲು ಬಂದನು, ಸಂತರು ಬೇಡವೆಂದು ಕಲ್ಲಿನ ಮೇಲೆ ತೇಲಿ ಬಂದರು ಎಂದು ಗುರುಗಳು ಓದಿದರು. ಜನ ಶಿಲುಬೆಯ ಗುರುತು ಮಾಡಿಕೊಂಡರು. ರೊನ್ನತ್ ಕಣ್ಣು ತುಂಬಿಕೊಂಡು, "ಎಂಥಾ ಪವಾಡ ಅಲ್ವೇನಮ್ಮಾ!" ಎಂದಳು.

ಮುಯಿರೆನಳಿಗೆ ತಡೆಯಲಾಗಲಿಲ್ಲ. ಮಗಳ ಕಿವಿಯ ಹತ್ತಿರ ಬಗ್ಗಿದಳು. "ನಿಮ್ಮ ತಾತನೇ ದಾಟಿಸಿದ್ದು ಕಣೇ, ತನ್ನ ದೋಣೀಲಿ."

ರೊನ್ನತ್ ಗುರುಗಳ ಕಡೆಯಿಂದ ಕಣ್ಣು ಕೀಳದೆ ತಾಯಿಯ ಕೈ ತಟ್ಟಿದಳು.

"ಹೂಂ ಅಮ್ಮ, ಹೂಂ."